ಕೇಳಿಸದ ಪಿಟೀಲು

ಆರ್ಕೆಸ್ಟ್ರಾದವರೆಲ್ಲ ಅವನನ್ನು ಪೆಟ್ಟಿಗೆ ಎಂದು ಕರೆಯುತ್ತಿದ್ದರು. ಮೀಸೆ ಮೂಡುವ ಮುಂಚೆ ಹಾರ್ಮೋನಿಯಂ ಪೆಟ್ಟಿಗೆಯನ್ನು ತಬ್ಬಿಕೊಂಡು ಬಂದು ಸೇರಿದವನಿಗೆ ಅಂಟಿದ ಹೆಸರು, ಅವನು ಕೀಬೋರ್ಡು ಹಿಡಿದು, ಮದುವೆಯಾಗಿ, ಮಗಳ ಮದುವೆಯನ್ನೂ ಮಾಡಿ ಮುಗಿಸಿದ ಮೇಲೂ ಬಿಡಲಿಲ್ಲ. ಹೆಂಡತಿ ಕೂಡ ಸಿಟ್ಟು ಬಂದಾಗ "ಪೆಟ್ಟಿಗೆ ಮುಚ್ಚಿ ಊಟಕ್ಕೆ ಏಳಿ" ಎನ್ನುತ್ತಿದ್ದಳು. ಹಗಲು ಅವನದು ರಿಪೇರಿ ಅಂಗಡಿ. ಬಸ್ ನಿಲ್ದಾಣದ ಹಿಂಬದಿಯ ಬೀದಿಯಲ್ಲಿ, ಒಂದು ಔಷಧಿ ಅಂಗಡಿಗೂ ಇನ್ನೊಂದು ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಕಿರಿದಾದ ಕೋಣೆ. ಒಳಗೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ರೇಡಿಯೋಗಳು, ರೆಕ್ಕೆ ಕಳಚಿದ ಫ್ಯಾನುಗಳು, ಬೆಸುಗೆಯ ಹೊಗೆ. ವಾರದ ಕೊನೆಗೆ ಆ ಬಾಗಿಲೆಳೆದು ವ್ಯಾನು ಹತ್ತಿದರೆ ಅವನು ಕಲಾವಿದ.

ಅವನನ್ನು ಕಲಾವಿದನನ್ನಾಗಿ ಮಾಡಿದವರು ಭಾವ, ಅಂದರೆ ಅಕ್ಕನ ಗಂಡ. ತಾಯಿ ತೀರಿಕೊಂಡಾಗ ಅವನಿನ್ನೂ ಶಾಲೆಯಲ್ಲಿದ್ದ. ತಂದೆ ಅದಕ್ಕೂ ಮೊದಲೇ ಇರಲಿಲ್ಲ. ಅಕ್ಕನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೊಸ ಸಂಸಾರಕ್ಕೆ ತಮ್ಮನನ್ನು ಕರೆತರುವ ಮಾತನ್ನು ಹೇಗೆ ಎತ್ತುವುದೆಂದು ಅವಳು ಒಳಗೊಳಗೇ ಬೇಯುತ್ತಿದ್ದಾಗ ಭಾವನೇ ಬಂದು ಅವನ ಬಟ್ಟೆಯ ಗಂಟನ್ನು ಹೆಗಲಿಗೇರಿಸಿದರು. "ನಡಿ. ಮನೇಲಿ ಎರಡು ಕೋಣೆ ಇದೆ. ಒಂದ್ರಲ್ಲಿ ನಾನು ಪಿಟೀಲು ಬಾರಿಸ್ತೀನಿ, ಇನ್ನೊಂದ್ರಲ್ಲಿ ನಿಮ್ಮಕ್ಕ ಕಿವಿ ಮುಚ್ಕೊಂಡು ಕೂತಿರ್ತಾಳೆ. ಯಾವುದು ಬೇಕೋ ಆರಿಸ್ಕೋ" ಎಂದರು. ಹುಡುಗ ಪಿಟೀಲಿನ ಕೋಣೆಯನ್ನೇ ಆರಿಸಿಕೊಂಡ.

ಭಾವ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಇಡೀ ದಿನ ಬೆರಳ ತುದಿಯಲ್ಲೇ ಅಕ್ಷರ ಗುರುತಿಸಿ ಗುರುತಿಸಿ ಅವರ ಕೈಗೆ ಕಣ್ಣು ಬಂದಿತ್ತು. ಸಂಜೆ ಮನೆಗೆ ಬಂದು, ಉಗುರಿನ ಸಂದಿಯ ಮಸಿಯನ್ನು ಸೋಪಿನಲ್ಲಿ ತಿಕ್ಕಿ ತೊಳೆದ ಮೇಲೆಯೇ ಪಿಟೀಲು ಮುಟ್ಟುವುದು. ಭಾಮೈದನಿಗೆ ಸ್ವರ ಹೇಳಿಕೊಟ್ಟವರು ಅವರೇ, ತಪ್ಪಿದಾಗ ಕಮಾನಿನ ತುದಿಯಿಂದ ಮಂಡಿಗೆ ಮೆಲ್ಲಗೆ ಚುಚ್ಚುತ್ತಿದ್ದವರೂ ಅವರೇ. ನಾಲ್ಕು ಜನರನ್ನು ಕಲೆಹಾಕಿ ಆರ್ಕೆಸ್ಟ್ರಾ ಕಟ್ಟಿದಾಗ ಐದನೆಯವನಾಗಿ ಅವನನ್ನು ಕೂರಿಸಿಕೊಂಡರು. ಅವರ ಬಗ್ಗೆ ಒಂದು ಮಾತು ತಂಡದಲ್ಲಿ ಬಳಕೆಗೆ ಬಂದಿತ್ತು: ಬೇರೆಯವರು ಮಾತಿನಲ್ಲಿ ಪಿಟೀಲು ಕುಯ್ಯುತ್ತಾರೆ, ಇವರು ಪಿಟೀಲಿನಲ್ಲಿ ಮಾತಾಡುತ್ತಾರೆ.

ಮೂವತ್ತು ವರ್ಷಕ್ಕೂ ಮೇಲೆ ಒಂದೇ ತಂಡದಲ್ಲಿ ಇರುವುದೆಂದರೆ ಹೇಗೆ ಎಂದು ಯಾರಾದರೂ ಕೇಳಿದರೆ ಪೆಟ್ಟಿಗೆ ಹೇಳುತ್ತಿದ್ದ: "ಇದೂ ಅವಿಭಕ್ತ ಕುಟುಂಬವೇ. ಪಾಲಾಗೋಣ ಅಂದ್ರೆ ಹಂಚ್ಕೊಳ್ಳೋಕೆ ಪಾತ್ರೆ ಪಡಗ ಇಲ್ಲ, ಅದಕ್ಕೇ ಒಟ್ಟಿಗಿದೀವಿ." ವ್ಯಾನಿನಲ್ಲಿ ಯಾರ ಜಾಗ ಯಾರಿಗೆಂಬುದು ಕಲ್ಲಿನಲ್ಲಿ ಕೊರೆದಂತೆ ನಿಂತುಹೋಗಿತ್ತು. ಡ್ರಮ್ಮು ಬಾರಿಸುವವನು ಹಗಲು ಬೇಕರಿಯಲ್ಲಿ ಹಿಟ್ಟು ನಾದುವವನು. ಎಲ್ಲರೂ ಅವನನ್ನು ಗುಡುಗು ಎನ್ನುತ್ತಿದ್ದರು. ತನ್ನ ಸದ್ದಿಗೆ ತನ್ನದೇ ಕಿವಿ ಅರ್ಧ ಹೋಗಿ, ಅವನಿಗೆ ಯಾವ ಮಾತನ್ನಾದರೂ ಎರಡು ಸಲ ಹೇಳಬೇಕಾಗಿತ್ತು. ಹಾಡುವಾಕೆ ಪ್ರಾಥಮಿಕ ಶಾಲೆಯ ಟೀಚರ್. ವೇದಿಕೆಯ ಮೇಲೂ ಜನ ಗದ್ದಲ ಮಾಡಿದರೆ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಗಿಟಾರಿನವನು ಬಾಯಿ ತೆರೆದದ್ದನ್ನು ಕಂಡವರು ಕಡಿಮೆ. ಯಾರ ಕೆಮ್ಮು ಯಾವುದು, ಯಾರಿಗೆ ಯಾವ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಯಾರು ಯಾವ ಹಾಡಿನ ಎಷ್ಟನೇ ಸಾಲಿನಲ್ಲಿ ಆತುರಪಡುತ್ತಾರೆ ಎಂಬುದೆಲ್ಲ ಎಲ್ಲರಿಗೂ ಗೊತ್ತಿತ್ತು. ಕತ್ತಲಲ್ಲೂ ಸ್ವಂತ ಮನೆಯ ಮೆಟ್ಟಿಲಿಳಿಯುವಂತೆ ಅವರು ಬಾರಿಸುತ್ತಿದ್ದರು. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಅದನ್ನು ಪೆಟ್ಟಿಗೆ ಬಹುಕಾಲ ದೊಡ್ಡ ಹೆಮ್ಮೆಯಂತೆ ಹೇಳಿಕೊಳ್ಳುತ್ತಿದ್ದ.

ಭಾವನಿಗೆ ವಯಸ್ಸಾಗುತ್ತ ಬಂದಂತೆ ತಂಡದ ಜವಾಬ್ದಾರಿ ಪೆಟ್ಟಿಗೆಯ ಹೆಗಲಿಗೆ ಬಂತು. ಕಾರ್ಯಕ್ರಮ ಒಪ್ಪಿಕೊಳ್ಳುವುದು, ವ್ಯಾನು ಹೊಂದಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಧ್ವನಿಯ ಉಸ್ತುವಾರಿ. ರಿಪೇರಿಯವನಲ್ಲವೆ, ವೈರು ಅವನ ಮಾತು ಕೇಳುತ್ತಿತ್ತು. ಕೀಬೋರ್ಡಿನ ಪಕ್ಕದಲ್ಲೇ ಗುಂಡಿಗಳ ಹಲಗೆಯನ್ನಿಟ್ಟುಕೊಂಡು, ಯಾವ ವಾದ್ಯ ಸಭೆಗೆ ಎಷ್ಟು ಕೇಳಬೇಕೆಂದು ಅವನೇ ಏರಿಸಿ ಇಳಿಸುತ್ತಿದ್ದ.

ಒಂದು ಬೆಳಿಗ್ಗೆ ಭಾವ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲೇ ಕುಸಿದರು. ಲಕ್ವ. ದೊಡ್ಡದಲ್ಲ, ಬದುಕಿದಿರಿ ಎಂದರು ಡಾಕ್ಟರು. ಬಾಯಿ ನೇರವಾಯಿತು, ಕಾಲು ಸರಿಹೋಯಿತು. ಎಡಗೈಯ ಕೊನೆಯ ಎರಡು ಬೆರಳು ಮಾತ್ರ ಬೇರೆ ಯಾರದೋ ಬೆರಳಿನಂತೆ ಕರೆದ ಕಡೆ ಬಾರದೆ ನಿಲ್ಲುತ್ತಿದ್ದವು. ಪಿಟೀಲಿಗೆ ಬೇಕಾದ್ದೇ ಆ ಕೈ. ಆಸ್ಪತ್ರೆಯಿಂದ ಬಂದ ಮರುದಿನದಿಂದಲೇ ಅವರು ಹಿಂದಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕುಳಿತರು. ಕೆಲವು ತಿಂಗಳ ಮೇಲೆ, "ಇನ್ನು ಕಾರ್ಯಕ್ರಮಕ್ಕೆ ನಾನೂ ಬರ್ತೀನಪ್ಪ. ಮನೇಲಿ ಕೂತ್ರೆ ನಿಮ್ಮಕ್ಕ ನನ್ನ ಕೈಲಿ ಬಟ್ಟೆ ಮಡಿಸ್ತಾಳೆ" ಎಂದರು.

ಅವರು ಮರಳಿ ಬಂದ ಮೊದಲ ಕಾರ್ಯಕ್ರಮ ಒಂದು ಬಟ್ಟೆ ಗಿರಣಿಯ ವಾರ್ಷಿಕ ಸಮಾರಂಭ. ಮೊದಲ ಹಾಡಿನಲ್ಲೇ ಪಿಟೀಲು ಶ್ರುತಿ ಬಿಟ್ಟು ಜಾರಿತು. ಎರಡನೆಯದರಲ್ಲಿ ಇನ್ನೂ ಹೆಚ್ಚು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು; ಒಬ್ಬ ಬಾಯಿಗೆ ಕೈಯಿಟ್ಟು ನಕ್ಕ. ಗಿರಣಿಯ ಮ್ಯಾನೇಜರು ವೇದಿಕೆಯ ಬದಿಗೆ ಬಂದು, ಮಾತಾಡದೆ, ಅಂಗೈಯನ್ನು ಕೆಳಮುಖವಾಗಿ ಇಳಿಸಿ ತೋರಿಸಿದರು. ಪೆಟ್ಟಿಗೆ ಪಿಟೀಲಿನ ಗುಂಡಿಯನ್ನು ಪೂರ್ತಿ ಕೆಳಕ್ಕೆ ಎಳೆದ. ಭಾವನ ಕಾಲ ಬುಡದಲ್ಲಿದ್ದ ಚಿಕ್ಕ ಸ್ಪೀಕರಿಗೆ ಬೇರೆಯದೇ ಗುಂಡಿ, ಅದನ್ನು ಮುಟ್ಟಲಿಲ್ಲ. ಹಾಗಾಗಿ ಅವರಿಗೆ ತಮ್ಮ ಪಿಟೀಲು ಕೇಳುತ್ತಲೇ ಇತ್ತು, ಸಭೆಗೆ ಇಲ್ಲ. ಪಿಟೀಲಿನ ಜಾಗ ಬಂದಾಗ ಅವನು ಕೀಬೋರ್ಡಿನಲ್ಲಿ ಪಿಟೀಲಿನ ಧ್ವನಿಯನ್ನೇ ಒತ್ತಿ ಆ ಸಾಲುಗಳನ್ನು ತಾನೇ ನುಡಿಸಿದ. ದೊಡ್ಡ ಸ್ಪೀಕರುಗಳ ಮುಖ ಸಭೆಯ ಕಡೆಗಿದ್ದುದರಿಂದ ಅದು ಹಿಂದೆ ಕುಳಿತ ಭಾವನವರೆಗೆ ತಲುಪಲಿಲ್ಲ. ಚಪ್ಪಾಳೆ ಬಿತ್ತು.

ಮುಗಿದ ಮೇಲೆ ಭಾವ ಕತ್ತಿನ ಬೆವರೊರೆಸಿಕೊಳ್ಳುತ್ತ ಬಂದರು. "ಮೊದಲೆರಡರಲ್ಲಿ ಬೆರಳು ಮಾತು ಕೇಳಲಿಲ್ಲ ಕಣೋ. ಆಮೇಲೆ ಪರವಾಗಿಲ್ಲ ಅಲ್ವಾ? ಜನ ಚಪ್ಪಾಳೆ ತಟ್ಟಿದ್ರು."

"ಚೆನ್ನಾಗಿತ್ತು ಭಾವ" ಎಂದ ಪೆಟ್ಟಿಗೆ.

ಇದೊಂದು ದಿನದ ಮಟ್ಟಿಗೆ ಎಂದುಕೊಂಡಿದ್ದ. ಮುಂದಿನ ವಾರ ಬಂದಾಗ ಗುಂಡಿಯನ್ನು ಮೇಲೇರಿಸಲು ಧೈರ್ಯ ಬರಲಿಲ್ಲ. ಅದರ ಮುಂದಿನ ವಾರ ಅದು ಧೈರ್ಯದ ಪ್ರಶ್ನೆಯಾಗಿಯೂ ಉಳಿಯಲಿಲ್ಲ, ರೂಢಿಯಾಯಿತು. ಕಾರ್ಯಕ್ರಮ ಮುಗಿಸಿ ಭಾವನನ್ನು ಮನೆಗೆ ಬಿಟ್ಟಾಗಲೆಲ್ಲ ಅಕ್ಕ ಬಾಗಿಲಲ್ಲಿ ನಿಂತು, ಗಂಡ ಒಳಗೆ ಹೋಗುವುದನ್ನೇ ಕಾದು, ತಗ್ಗಿದ ದನಿಯಲ್ಲಿ ಕೇಳುತ್ತಿದ್ದಳು: "ಜನ ಏನಂದ್ರೋ?"

"ಭಾವನದೇ ಹೆಚ್ಚುಗಾರಿಕೆ ಅಂದ್ರು."

ಅವಳ ಮುಖ ಅರಳುವುದನ್ನು ನೋಡಲಾರದೆ ಅವನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಾಗುತ್ತಿದ್ದ. ಮರುದಿನ ಅದೇ ಮಾತು ಅವಳ ಬಾಯಿಂದ ನೆರೆಮನೆಗೂ, ಅಲ್ಲಿಂದ ಇಡೀ ಬೀದಿಗೂ ತಲುಪುತ್ತಿತ್ತು.

ತಂಡದಲ್ಲಿ ವಿಷಯ ಗೊತ್ತಿದ್ದದ್ದು ಟೀಚರಿಗೆ ಮಾತ್ರ. ಅವಳು ವೇದಿಕೆಯ ಮುಂದೆ ನಿಂತು ಹಾಡುವವಳು. ದೊಡ್ಡ ಸ್ಪೀಕರಿನಲ್ಲಿ ಏನಿದೆ ಏನಿಲ್ಲ ಎಂಬುದು ಅವಳ ಕಿವಿಗೆ ಬೀಳದೆ ಇರುತ್ತದೆಯೆ? ಒಮ್ಮೆ ವ್ಯಾನಿಗೆ ಸಾಮಾನು ತುಂಬುವಾಗ ಅವನನ್ನು ಬದಿಗೆ ಕರೆದಳು.

"ಅವರಿಗೆ ಹೇಳ್ಬಿಡಿ. ಕೈಲಾಗಲ್ಲ ಅಂತ ಹೇಳಿದ್ರೆ ಒಂದು ದಿನ ನೋಯುತ್ತೆ. ಇದು ದಿನಾ ಮಾಡೋ ಮೋಸ."

"ಮುಂದಿನ ಸಲ ಹೇಳ್ತೀನಿ."

"ನಾಳೆ ಅಂದವನ ಮನೆ ಹಾಳು ಅಂತ ಮಕ್ಕಳಿಗೆ ಹೇಳಿಕೊಡ್ತೀನಿ ನಾನು."

ಹೇಳಲಿಲ್ಲ. ಹೇಳುವುದಿರಲಿ, ಭಾವನ ಮನೆಗೆ ಬೆಳಗಿನ ಹೊತ್ತು ಹೋಗುವುದನ್ನೇ ಬಿಟ್ಟ. ಆ ಹೊತ್ತಿನಲ್ಲಿ ಹಿಂದಿನ ಕೋಣೆಯಿಂದ ಅಭ್ಯಾಸದ ಸದ್ದು ಬರುತ್ತಿರುತ್ತದೆ. ಯಾರೂ ಕೇಳದ ವಾದನಕ್ಕೆ ಆ ಮನುಷ್ಯ ತಯಾರಾಗುತ್ತಿರುವುದನ್ನು ಕೇಳಲು ಅವನಿಗೆ ಮನಸ್ಸಿರಲಿಲ್ಲ. ವೇದಿಕೆಯ ಮೇಲೂ ಅವರಿಬ್ಬರ ನಡುವೆ ಗುಡುಗಿನ ಡ್ರಮ್ಮುಗಳ ಗುಡ್ಡವಿತ್ತು, ಜೊತೆಗೆ ಅವನ ಕಿವಿಯಲ್ಲಿ ಅವನದೇ ಕೀಬೋರ್ಡಿನ ಪಿಟೀಲು. ಅದು ದಿನೇ ದಿನೇ ನಯವಾಗುತ್ತಿತ್ತು, ಒಂದೂ ಸ್ವರ ತಪ್ಪುತ್ತಿರಲಿಲ್ಲ. ಕೆಲವು ಸಲ ಅದರ ಬಗ್ಗೆ ಅವನಿಗೆ ಖುಷಿಯೂ ಆಗುತ್ತಿತ್ತು. ಆ ಖುಷಿ ನೆನಪಾದಾಗ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ. ಎರಡು ವರ್ಷ ಹೀಗೇ ಕಳೆಯಿತು.

ಆಮೇಲೆ ಹೊಸದಾಗಿ ಕಟ್ಟಿದ ಒಂದು ಸಭಾಂಗಣದಲ್ಲಿ ಮಧ್ಯಾಹ್ನದ ಕಾರ್ಯಕ್ರಮ ಸಿಕ್ಕಿತು. ಆಸ್ಪತ್ರೆಯ ನೌಕರರ ಸಂಘದ ಸಮಾರಂಭ. ಅಲ್ಲಿ ಹೊರಗಿನವರ ಧ್ವನಿ ಸಾಮಗ್ರಿ ತರುವಂತಿರಲಿಲ್ಲ. ಸಭೆಯ ಹಿಂದಿನ ಗಾಜಿನ ಕೋಣೆಯಲ್ಲಿ ಅವರದೇ ಧ್ವನಿ ನಿರ್ವಾಹಕಿ ಕುಳಿತಿರುತ್ತಾಳೆ. ವಿಷಯ ಗೊತ್ತಾದದ್ದು ಅಲ್ಲಿ ಇಳಿದ ಮೇಲೆ. ಪೆಟ್ಟಿಗೆ ಓಡಿಹೋಗಿ ಗಾಜಿನ ಕೋಣೆಯ ಬಾಗಿಲು ತಟ್ಟಿದ.

"ಪಿಟೀಲು ಸ್ವಲ್ಪ ಕಡಿಮೆ ಇಡಿ" ಎಂದ.

"ಎಷ್ಟು ಕಡಿಮೆ?"

ಪೂರ್ತಿ ಎನ್ನಲು ಬಾಯಿ ಬರಲಿಲ್ಲ. ಅವಳು ಅವನ ಮುಖ ನೋಡಿ, "ನೀವು ಹೋಗಿ ಬಾರಿಸಿ ಸರ್. ಯಾವುದು ಎಷ್ಟಿರಬೇಕು ಅಂತ ನಾನು ನೋಡ್ಕೋತೀನಿ" ಎಂದು ಬಾಗಿಲು ಹಾಕಿಕೊಂಡಳು.

ಕಾರ್ಯಕ್ರಮ ಶುರುವಾಯಿತು. ಮೊದಲೆರಡು ಹಾಡಿನಲ್ಲಿ ಪಿಟೀಲಿಗೆ ಕೆಲಸವಿರಲಿಲ್ಲ; ಪೆಟ್ಟಿಗೆ ಗಾಜಿನ ಕೋಣೆಯತ್ತಲೇ ನೋಡುತ್ತ ಬಾರಿಸಿದ. ಮೂರನೆಯದು ನಿಧಾನದ ಹಾಡು, ಎರಡು ಚರಣಗಳ ನಡುವೆ ಪಿಟೀಲೊಂದೇ ಇರುವ ಜಾಗ. ಅಭ್ಯಾಸಬಲದಿಂದ ಅವನು ಪಿಟೀಲಿನ ಧ್ವನಿ ಒತ್ತಿ ನುಡಿಸತೊಡಗಿದ. ಅದೇ ಕ್ಷಣ ಸಭೆಯ ಎರಡೂ ಬದಿಯಿಂದ ಇನ್ನೊಂದು ಪಿಟೀಲು ಎದ್ದಿತು. ಅವನ ಬೆರಳುಗಳು ತಾವಾಗಿ ನಿಂತವು.

ಅದು ಹಳೆಯ ಭಾವನ ವಾದನವಾಗಿರಲಿಲ್ಲ. ಮೊದಲಿನ ಓಟ, ಕೊನೆಯಲ್ಲಿ ಹಾಕುತ್ತಿದ್ದ ಆ ಚುರುಕಿನ ತಿರುವು, ಎರಡೂ ಇರಲಿಲ್ಲ. ಆಡದ ಎರಡು ಬೆರಳುಗಳನ್ನು ಬಿಟ್ಟು, ಉಳಿದೆರಡರಲ್ಲೇ ಅವರು ಆ ಸಾಲನ್ನು ಹೊಸದಾಗಿ ಕಟ್ಟಿಕೊಂಡಿದ್ದರು. ಐದು ಸ್ವರವಿದ್ದ ಕಡೆ ಮೂರು. ಆದರೆ ಒಂದರಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವ ರೀತಿಯಲ್ಲಿ, ಹೇಳಬೇಕೋ ಬೇಡವೋ ಎಂದು ಯೋಚಿಸಿ ಮಾತಾಡುವ ಹಿರಿಯರ ತೂಕವಿತ್ತು. ಶ್ರುತಿ ಎಳ್ಳಷ್ಟೂ ಅಲುಗಲಿಲ್ಲ. ಸಭೆಯಲ್ಲಿ ಕುರ್ಚಿ ಎಳೆಯುವ ಸದ್ದು ನಿಂತಿತು. ಟೀಚರ್ ಎರಡನೆಯ ಚರಣ ಎತ್ತಿಕೊಳ್ಳುವುದನ್ನು ಮರೆತು ತಿರುಗಿ ನಿಂತಿದ್ದಳು.

ಭಾವ ಯಾವಾಗ ಹೀಗೆ ಬಾರಿಸುವುದನ್ನು ಕಲಿತರು? ಹೋದ ತಿಂಗಳೆ, ಹೋದ ವರ್ಷವೆ? ಪೆಟ್ಟಿಗೆಗೆ ಗೊತ್ತಿರಲಿಲ್ಲ. ಕೆಟ್ಟ ವಾದನವನ್ನು ಜನರಿಂದ ಮರೆಮಾಡಿ ಭಾವನ ಮಾನ ಕಾಯುತ್ತಿದ್ದೇನೆಂದು ಅವನು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಈ ಎರಡು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಆ ಗುಂಡಿಯನ್ನು ಮೇಲೇರಿಸಿ ನೋಡಿದ್ದರೆ ತಿಳಿಯುತ್ತಿತ್ತು. ಉಳಿದ ಹಾಡುಗಳನ್ನು ಹೇಗೆ ಮುಗಿಸಿದನೋ ಅವನಿಗೇ ನೆನಪಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವನು ಇನ್ನು ಮೇಲಾದರೂ ಗುಂಡಿ ಏರಿಸಿ, ಹಿಂದಿನದನ್ನು ಹೂತುಹಾಕುತ್ತಿದ್ದನೇನೋ. ಆದರೆ ಸಾಮಾನು ಕಟ್ಟುವಾಗ ನಿವೃತ್ತ ನರ್ಸೊಬ್ಬರು ವೇದಿಕೆ ಹತ್ತಿ ಭಾವನ ಬಳಿಗೆ ಬಂದರು.

"ನಿಮ್ಮ ಪಿಟೀಲು ಇವತ್ತು ಕೇಳಿಸ್ತು ನೋಡಿ. ಜೀವ ತಂಪಾಯ್ತು."

"ದಿನಾ ಬಾರಿಸೋದನ್ನೇ ಬಾರಿಸಿದ್ದಮ್ಮ" ಎಂದರು ಭಾವ, ನಗುತ್ತ.

"ಇಲ್ಲ ಬಿಡಿ. ಹೋದ ವರ್ಷ ನಮ್ಮಣ್ಣನ ಮಗಳ ಮದುವೇಲಿ ನಿಮ್ಮೆದುರಿಗೇ ಕೂತಿದ್ದೆ. ನಿಮ್ಮ ಕಮಾನು ಒಂದು ದಾರಿ, ಸದ್ದು ಒಂದು ದಾರಿ. ಕೈಗೆ ಲಕ್ವ ಅಂತೆ, ಪಾಪ, ತೋರಿಕೆಗೆ ಕೂರಿಸ್ಕೊಂಡಿದಾರೆ ಅಂತ ನಾವೆಲ್ಲ ಮಾತಾಡ್ಕೊಂಡ್ವಿ. ಈಗ ಗುಣವಾಯ್ತಲ್ಲ, ಸಂತೋಷ."

ಭಾವನ ನಗು ಮುಖದ ಮೇಲೆ ಇದ್ದಲ್ಲೇ ಉಳಿಯಿತು, ಹಿಂದಿನ ಜೀವ ಮಾತ್ರ ಹೋಗಿತ್ತು. ವ್ಯಾನಿನಲ್ಲಿ ಅವರು ತಮ್ಮ ಜಾಗದಲ್ಲೇ ಕುಳಿತರು. ಊರಿನ ಪ್ರತಿ ತಿರುವಿಗೂ ಅವರದೊಂದು ಹಳೆಯ ಜೋಕು ಇರುತ್ತಿತ್ತು. ಅಂದು ಯಾವ ತಿರುವಿನಲ್ಲೂ ಮಾತು ಬರಲಿಲ್ಲ. "ಭಾವನಿಗೆ ಹುಷಾರಿಲ್ವಾ?" ಎಂದು ಗುಡುಗು ಎರಡು ಸಲ ಕೇಳಿದ.

ಮರುದಿನ ಅಂಗಡಿ ತೆರೆದು ಸ್ವಲ್ಪ ಹೊತ್ತಿಗೆ ಭಾವ ಬಂದರು. ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೊಟ್ಟಿದ್ದ ಗಿರಾಕಿಯೊಬ್ಬ ಹೋಗುವವರೆಗೂ ಗೋಡೆಗೊರಗಿ ನಿಂತಿದ್ದು, ಆಮೇಲೆ ಎದುರಿನ ಸ್ಟೂಲಿನಲ್ಲಿ ಕುಳಿತರು.

"ಪಿಟೀಲಿನ ಲೈನು ಕೆಟ್ಟಿತ್ತೇನೋ?" ಎಂದರು.

ದಾರಿ ಅವರೇ ತೋರಿಸಿದ್ದರು. ಪೆಟ್ಟಿಗೆ ಆ ದಾರಿಯನ್ನೇ ಹಿಡಿದ. "ಹೌದು ಭಾವ. ವೈರು ಒಳಗೇ ಕಟ್ಟಾಗಿರ್ಬೇಕು."

ಭಾವ ಮೇಜಿನ ಮೇಲೆ ಬಿಚ್ಚಿ ಹರಡಿದ್ದ ರೇಡಿಯೋವನ್ನು, ಬೆಸುಗೆಯ ಕಡ್ಡಿಯನ್ನು, ಗೋಡೆಗೆ ಸುರುಳಿ ಸುತ್ತಿ ತೂಗುಹಾಕಿದ್ದ ವೈರುಗಳನ್ನು ಒಂದೊಂದಾಗಿ ನೋಡಿದರು. "ಊರಿನವರ ವೈರೆಲ್ಲ ಸರಿ ಮಾಡೋನು ನೀನು. ನನ್ನದು ಒಂದು ವರ್ಷ ಕಟ್ಟಾಗಿದ್ರೆ ನಿನಗೆ ಗೊತ್ತಾಗಲಿಲ್ವಾ?"

ಪೆಟ್ಟಿಗೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. "ವರ್ಷ ಅಲ್ಲ ಭಾವ, ಎರಡು ವರ್ಷ. ವೈರು ಕಟ್ಟಾಗಿರಲಿಲ್ಲ. ನಾನೇ ಇಳಿಸಿದ್ದೆ" ಎಂದ. ಗಿರಣಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಮ್ಯಾನೇಜರು ಕೈ ತೋರಿಸಿದ್ದನ್ನು ಹೇಳಿದ, ತಾನು ಕೀಬೋರ್ಡಿನಲ್ಲಿ ಬಾರಿಸಿದ್ದನ್ನು ಹೇಳಿದ.

ಭಾವ ತಮ್ಮ ಎಡಗೈಯನ್ನು ಬಲಗೈಯಿಂದ ನೀವಿಕೊಂಡರು. "ಗಿರಣೀಲಿ ನಾನು ಕೆಟ್ಟದಾಗಿ ಬಾರಿಸಿದ್ದು ನನಗೂ ಗೊತ್ತು. ಅವತ್ತು ಇಳಿಸಿದ್ದು ಸರಿ. ಆಮೇಲೆ?"

"ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಅದನ್ನ ಕೇಳಲಿಲ್ಲ. ನನ್ನ ಕೈ ಸರಿಹೋಗಿದೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

ಭಾವ ತಲೆಯಾಡಿಸಿದರು. "ಜನ ಕೇಳಲಿಲ್ಲ, ಹೋಗ್ಲಿ. ಅವರು ಊಟಕ್ಕೆ ಬಂದಿರ್ತಾರೆ. ಹತ್ತು ಹೆಜ್ಜೆ ದೂರದಲ್ಲಿ ಕೂತು ನೀನೂ ಕೇಳಲಿಲ್ಲವಲ್ಲೋ."

ಅಷ್ಟು ಹೇಳಿ ಎದ್ದು ಹೋದರು. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಸಂಜೆ ಅಕ್ಕನ ಮನೆಗೆ ಹೋದ. ಅವಳು ಬಾಗಿಲು ತೆರೆದಳು, ಕುಡಿಯಲು ನೀರು ಕೊಟ್ಟಳು, ಎದುರಿಗೆ ಕುಳಿತಳು.

"ಅವರಿಗೆ ಹೇಳಲಾರದೆ ಹೋದೆ, ಸರಿ. ನನಗೂ ಯಾಕೆ ಹೇಳಲಿಲ್ಲ? ಪ್ರತಿ ಸಲ ಕೇಳ್ತಿದ್ದೆನಲ್ಲ" ಎಂದಳು.

"ನಿನ್ನ ಮುಖ ನೋಡಿ ಆಗ್ಲಿಲ್ಲ ಅಕ್ಕ."

"ಆ ಮುಖ ಹೊತ್ಕೊಂಡು ನಾನು ಬೀದಿ ಬೀದಿ ತಿರುಗಿದೆ" ಎಂದು ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಅವಳು ಅತ್ತಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ; ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಿತ್ತು.

ಭಾವ ಕೆಲವು ಕಾರ್ಯಕ್ರಮಗಳಿಗೆ ಬರಲಿಲ್ಲ. ವ್ಯಾನಿನಲ್ಲಿ ಅವರ ಜಾಗದಲ್ಲಿ ಯಾರೂ ಕೂರಲಿಲ್ಲ, ಚೀಲವನ್ನೂ ಇಡಲಿಲ್ಲ. ಪಿಟೀಲಿನ ಸಾಲು ಬಂದಾಗ ಪೆಟ್ಟಿಗೆ ಏನನ್ನೂ ನುಡಿಸದೆ ಕೈ ಕಟ್ಟಿ ಕೂರುತ್ತಿದ್ದ; ಹಾಡಿನ ಮಧ್ಯೆ ಹಲ್ಲು ಬಿದ್ದಂತೆ ಅಲ್ಲೊಂದು ಖಾಲಿ ಜಾಗ ಉಳಿಯುತ್ತಿತ್ತು. ಜನ ಗೊಣಗಿದರು. ಕೊನೆಗೆ ಟೀಚರ್ ಹೋಗಿ ಭಾವನ ಮುಂದೆ ಕುಳಿತು ಏನು ಹೇಳಿದಳೋ, ಅವರು ಮರಳಿ ಬಂದರು. ಬಂದವರು ಇಟ್ಟದ್ದು ಒಂದೇ ಷರತ್ತು: ಗುಂಡಿಗಳ ಹಲಗೆ ಇನ್ನು ಮೇಲೆ ಟೀಚರ ಮಗಳು ನೋಡಿಕೊಳ್ಳಬೇಕು. ಅವಳಿಗೆ ಆ ಕೆಲಸ ಬರುತ್ತಿತ್ತು. ಪೆಟ್ಟಿಗೆ ಎದುರಾಡಲಿಲ್ಲ.

ಅಕ್ಕ ಅಂದಿನಿಂದ ಅವನನ್ನು ಏನೂ ಕೇಳುವುದಿಲ್ಲ. ಕಾರ್ಯಕ್ರಮ ಊರಲ್ಲೇ ಇದ್ದರೆ ತಾನೇ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾಳೆ, ಮುಗಿದ ಮೇಲೆ ಗಂಡನ ಜೊತೆ ಆಟೋ ಹತ್ತುತ್ತಾಳೆ. ತಮ್ಮನಿಗೆ ಊಟ ಬಡಿಸುತ್ತಾಳೆ, ಜ್ವರ ಬಂದರೆ ವಿಚಾರಿಸುತ್ತಾಳೆ. ಆದರೆ ಅವನು ಏನಾದರೂ ಹೇಳಿದಾಗ, ಅದು ಬಸ್ಸು ತಡವಾಯಿತೆಂಬ ಸಣ್ಣ ಮಾತಾದರೂ ಸರಿ, ಒಂದು ಗಳಿಗೆ ಅವನ ಮುಖವನ್ನೇ ನೋಡುತ್ತಾಳೆ.

ಪೆಟ್ಟಿಗೆ ಈಗ ಅಂಗಡಿ ತೆರೆಯುವ ಮುಂಚೆ ಭಾವನ ಮನೆಗೆ ಹೋಗುತ್ತಾನೆ. ಯಾರೂ ಕರೆದಿರಲಿಲ್ಲ. ಮೊದಲ ದಿನ ಹಿಂದಿನ ಕೋಣೆಯ ಹೊಸ್ತಿಲಲ್ಲಿ ನಿಂತ. ಭಾವ ನೋಡಿದರು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ, ಅಭ್ಯಾಸ ಮುಂದುವರಿಸಿದರು. ಅವನು ಒಳಗೆ ಹೋಗಿ ನೆಲದ ಮೇಲೆ ಕುಳಿತ. ಹೀಗೆ ಎಷ್ಟೋ ಬೆಳಿಗ್ಗೆ ನಡೆಯಿತು; ಬಂದು ಕೂರುವುದು, ಕೇಳುವುದು, ಎದ್ದು ಹೋಗುವುದು. ಭಾವನ ಕೈ ಕೆಲವು ದಿನ ಚೆನ್ನಾಗಿರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಚಳಿ ಇದ್ದರೆ ಬೆರಳು ಬಿಗಿಯುತ್ತಿತ್ತು.

ಅಂಥ ಚಳಿಯ ಒಂದು ಬೆಳಿಗ್ಗೆ ಭಾವ ಒಂದು ಹಾಡು ಮುಗಿಸಿ ಕಮಾನು ಇಳಿಸಿದರು. ಅವನ ಕಡೆ ತಿರುಗದೆ ಕೇಳಿದರು: "ಹೇಗಿತ್ತು?"

ಚೆನ್ನಾಗಿತ್ತು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಎರಡನೇ ಸಾಲಲ್ಲಿ ಶ್ರುತಿ ಸ್ವಲ್ಪ ಇಳಿದಿತ್ತು, ಭಾವ. ಕೊನೇದು ಆತುರ ಆಯ್ತು."

"ಹೂಂ" ಎಂದರು ಭಾವ. ಬೆರಳುಗಳನ್ನು ಬಾಯಿಯ ಹತ್ತಿರ ಹಿಡಿದು ಉಸಿರಿನಿಂದ ಬೆಚ್ಚಗೆ ಮಾಡಿಕೊಂಡು, ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡರು.